ಎದ್ದುಹೋದವರ ಲೆಕ್ಕ

ಧ್ಯಾನವನ್ನು ಜೈನ ಸಮಾಜದಲ್ಲಿ ಯಾರೂ ವಿರೋಧಿಸುವುದಿಲ್ಲ. ಆದುದರಿಂದಲೇ ಧ್ಯಾನದ ಹೆಸರಿನಲ್ಲಿ ನಡೆಯುವ ಕಾರ್ಯಕ್ರಮಗಳನ್ನು ಯಾರೂ ಪರೀಕ್ಷಿಸುವುದೂ ಇಲ್ಲ. ಸಭಾಭವನವನ್ನು ಮದುವೆಗೆ ಕೊಡುವಾಗ ಹತ್ತಾರು ನಿಬಂಧನೆಗಳನ್ನು ಮುಂದಿಡುವ ಟ್ರಸ್ಟಿನವರು ಧ್ಯಾನಶಿಬಿರವೆಂದೊಡನೆ ಬೀಗದ ಕೈಯನ್ನೇ ಕೊಟ್ಟುಬಿಡುತ್ತಾರೆ. ಶಿಬಿರಕ್ಕೆ ಬರುವವರು ಒಂದಿಷ್ಟು ನೆಮ್ಮದಿಯನ್ನು ಅರಸುವ ಸಾಮಾನ್ಯ ಗೃಹಸ್ಥರಾಗಿದ್ದರೆ ಈ ಔದಾರ್ಯದಿಂದ ಹೆಚ್ಚಿನ ಕೇಡಿಲ್ಲ. ಆದರೆ 'ಮೈಂಡ್‌ಫುಲ್‌ನೆಸ್' ಎಂಬ ಹೆಸರಿನ ಶಿಕ್ಷಣಕ್ರಮವನ್ನು ಘೋರವಾದ ಆಘಾತಕ್ಕೆ ಸಿಕ್ಕಿ ಚೇತರಿಸಿಕೊಳ್ಳುತ್ತಿರುವವರಿಗಾಗಿಯೇ ಏರ್ಪಡಿಸುವ ರೂಢಿ ಇಂದು ಬೆಳೆದಿದೆ. ಅಪಘಾತದಲ್ಲಿ ಮಗನನ್ನು ಕಣ್ಣೆದುರೇ ಕಳೆದುಕೊಂಡ ತಾಯಿ, 2019ರ ಆಗಸ್ಟ್ ತಿಂಗಳಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳು ಉಕ್ಕಿದಾಗ ಇರುಳೋರಾತ್ರಿ ಮನೆಮಠ ಬಿಟ್ಟೋಡಿದ ಒಕ್ಕಲು ಕುಟುಂಬ, ಗಂಡನ ಹೊಡೆತ ತಾಳಲಾರದೆ ತವರು ಸೇರಿದ ಹೆಣ್ಣುಮಗಳು, ಇಂಥವರನ್ನು ಒಂದೇ ಜಮಖಾನೆಯ ಮೇಲೆ ಕೂರಿಸಿ, ಕಣ್ಣು ಮುಚ್ಚಿಸಿ, ಉಸಿರನ್ನು ನೋಡಿರೆಂದು ಹೇಳುವುದು ಸಣ್ಣ ಜವಾಬ್ದಾರಿಯಲ್ಲ.

ಇಂಥ ಶಿಬಿರಗಳ ಬೆಲೆಯನ್ನು ಅಳೆಯುವ ಪದ್ಧತಿ ಎಲ್ಲರಿಗೂ ತಿಳಿದದ್ದೇ. ಕೊನೆಯ ದಿನ ಅನಿಸಿಕೆಗಳ ಕಾರ್ಯಕ್ರಮವಿರುತ್ತದೆ. ನಾಲ್ಕಾರು ಮಂದಿ ಎದ್ದುನಿಂತು ಕಣ್ಣೀರು ತುಂಬಿ ಕೃತಜ್ಞತೆ ಹೇಳುತ್ತಾರೆ. ಶಿಬಿರಾಚಾರ್ಯರಿಗೆ ಶಾಲು ಹೊದಿಸಲಾಗುತ್ತದೆ. ಶಿಬಿರಾರ್ಥಿಗಳೆಲ್ಲರೂ ಅಪೂರ್ವ ಪ್ರಯೋಜನ ಪಡೆದರೆಂಬ ವರದಿ ಟ್ರಸ್ಟಿನ ವಾರ್ಷಿಕ ಪುಸ್ತಕದಲ್ಲಿ ಅಚ್ಚಾಗುತ್ತದೆ. ಆ 'ಎಲ್ಲರೂ' ಎಂಬ ಪದವೇ ವಿಚಾರಣೀಯ. ಕೊನೆಯ ದಿನ ಮಾತನಾಡಿದವರು ಕೊನೆಯ ದಿನದವರೆಗೆ ಉಳಿದವರು. ಎರಡನೆಯ ವಾರವೇ ಎದ್ದುಹೋದವರು ಅಲ್ಲಿರಲಿಲ್ಲ. ಅವರೇಕೆ ಹೋದರು, ಹೋದಮೇಲೆ ಏನಾದರು, ಆ ರಾತ್ರಿ ನಿದ್ರಿಸಿದರೆ ಎಂಬುದನ್ನು ಯಾವ ವರದಿಯೂ ಹೇಳುವುದಿಲ್ಲ. ಮೌಲ್ಯಮಾಪನವೆಂಬ ಗೌರವದ ಹೆಸರು ಅಂಥ ವರದಿಗೆ ಸಲ್ಲತಕ್ಕದ್ದಲ್ಲ.

ಈ ಶಿಕ್ಷಣಕ್ರಮದ ಮೂಲವನ್ನು ತಿಳಿದರೆ ಚರ್ಚೆ ಸುಲಭವಾಗುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾನಿಲಯದ ವೈದ್ಯಕೀಯ ವಿಭಾಗದಲ್ಲಿ ಜಾನ್ ಕಬಾಟ್-ಜಿನ್ ಎಂಬವರು 1979ರಲ್ಲಿ ಇದನ್ನು ಆರಂಭಿಸಿದರು. ಬೌದ್ಧರ ಧ್ಯಾನಪದ್ಧತಿಗಳಿಂದ ಹಾಗೂ ಹಠಯೋಗದಿಂದ ಕೆಲವು ಅಂಶಗಳನ್ನು ಆಯ್ದು, ಮತಧರ್ಮಗಳ ಸೋಂಕಿಲ್ಲದಂತೆ ಮಾಡಿ, ಎಂಟು ವಾರಗಳ ಪಾಠವನ್ನಾಗಿ ಅವರು ಕಟ್ಟಿದರು. ವಾರಕ್ಕೊಮ್ಮೆ ಸುಮಾರು ಎರಡೂವರೆ ಗಂಟೆಯ ಸಾಮೂಹಿಕ ತರಗತಿ, ಮಧ್ಯೆ ಒಂದು ಇಡೀ ದಿನದ ಮೌನ, ಮನೆಯಲ್ಲಿ ದಿನಕ್ಕೆ ಮುಕ್ಕಾಲು ಗಂಟೆಯ ಅಭ್ಯಾಸ, ಇಷ್ಟು ಅದರ ಚೌಕಟ್ಟು. ಸಾಮಾಯಿಕದ ನಲವತ್ತೆಂಟು ನಿಮಿಷಗಳನ್ನು ಬಲ್ಲ ಶ್ರಾವಕರಿಗೆ ಈ ಮುಕ್ಕಾಲು ಗಂಟೆ ಹೊಸದೆನಿಸದು. ಅದು ಮೊದಲು ಹುಟ್ಟಿದ್ದು ಬಹುಕಾಲದ ದೇಹನೋವಿನಿಂದ ಬಳಲುವ, ಔಷಧದಿಂದ ಉಪಶಮನ ಕಾಣದ ರೋಗಿಗಳಿಗಾಗಿ ಎಂಬುದನ್ನು ಮರೆಯಬಾರದು. ಬೆನ್ನುನೋವಿನವನಿಗೆ ಹೊಲಿದ ಅಂಗಿಯನ್ನು ಯುದ್ಧದಿಂದ ಮರಳಿದವನಿಗೂ ಬಲಾತ್ಕಾರಕ್ಕೆ ತುತ್ತಾದವಳಿಗೂ ತೊಡಿಸುವ ಮೊದಲು ಅಳತೆ ನೋಡುವುದು ಅವಶ್ಯ.

ಅಳತೆ ನೋಡಿದವರು ಇಲ್ಲದಿಲ್ಲ. ಮಿನಿಯಾಪೊಲಿಸ್ ನಗರದ ಮಾಜಿ ಯೋಧರ ಆಸ್ಪತ್ರೆಯಲ್ಲಿ ನಡೆದು, 2015ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ಈ ವಿಷಯದಲ್ಲಿ ಎಲ್ಲ ಟ್ರಸ್ಟುಗಳ ಕಾರ್ಯದರ್ಶಿಗಳೂ ಓದತಕ್ಕಂಥದು. ಆಘಾತೋತ್ತರ ಮನೋವ್ಯಾಧಿಯಿಂದ ಬಳಲುತ್ತಿದ್ದ 116 ಮಂದಿ ಮಾಜಿ ಯೋಧರನ್ನು ಚೀಟಿ ಎತ್ತಿದಂತೆ, ಯಾರ ಇಚ್ಛೆಗೂ ಅವಕಾಶವಿಲ್ಲದೆ, ಎರಡು ಗುಂಪುಗಳಾಗಿ ಹಂಚಲಾಯಿತು. ಒಂದು ಗುಂಪಿಗೆ ಎಂಟು ವಾರಗಳ ಮೈಂಡ್‌ಫುಲ್‌ನೆಸ್ ಪಾಠ ಮತ್ತು ಒಂದು ದಿನದ ಮೌನಶಿಬಿರ. ಇನ್ನೊಂದು ಗುಂಪಿಗೆ ವಾರಕ್ಕೊಮ್ಮೆ ಒಂದೂವರೆ ಗಂಟೆಯಂತೆ ಒಂಬತ್ತು ಸಲ ಕೂಡಿ ಕುಳಿತು, ಹಳೆಯ ಆಘಾತವನ್ನು ಕೆದಕದೆ, ಇಂದಿನ ಬದುಕಿನ ತೊಡಕುಗಳನ್ನು ಮಾತನಾಡಿಕೊಳ್ಳುವ ಏರ್ಪಾಡು. ಈ ಎರಡನೆಯ ಗುಂಪಿಗೆ ಧ್ಯಾನವಿಲ್ಲ, ಆಸನವಿಲ್ಲ, ಮನೆಯಲ್ಲಿ ಮಾಡಬೇಕಾದ ಅಭ್ಯಾಸವೂ ಇಲ್ಲ. ಕೇಳುವ ಕಿವಿಗಳಿದ್ದವು, ಅಷ್ಟೆ.

ಫಲಿತಾಂಶವನ್ನು ಶಿಬಿರಪ್ರಿಯರು ಹೇಗೆ ಓದುತ್ತಾರೆಂಬುದು ಊಹಿಸಬಹುದಾದದ್ದು. ಹದಿನೇಳು ಪ್ರಶ್ನೆಗಳ, 17ರಿಂದ 85 ಅಂಕಗಳವರೆಗಿನ ಪಟ್ಟಿಯೊಂದರಲ್ಲಿ ರೋಗಿಗಳೇ ತಮ್ಮ ಬಾಧೆಯನ್ನು ಗುರುತಿಸಿದರು. ಮೈಂಡ್‌ಫುಲ್‌ನೆಸ್ ಗುಂಪಿನ ಸರಾಸರಿ 63.6ರಿಂದ 55.7ಕ್ಕೆ ಇಳಿಯಿತು. ಮಾತಿನ ಗುಂಪಿನದು 58.8ರಿಂದ 55.8ಕ್ಕೆ ಮಾತ್ರ ಇಳಿಯಿತು. ಎಂಟು ಅಂಕಗಳೆಲ್ಲಿ, ಮೂರು ಅಂಕಗಳೆಲ್ಲಿ! ಎರಡು ತಿಂಗಳ ಅನಂತರ ನೋಡಿದಾಗಲೂ ಗಣನೀಯವಾದ ಸುಧಾರಣೆ ಕಂಡವರು ಮೊದಲ ಗುಂಪಿನಲ್ಲಿ ನೂರಕ್ಕೆ 48.9, ಎರಡನೆಯದರಲ್ಲಿ 28.1. ಇಷ್ಟನ್ನೇ ಕರಪತ್ರದಲ್ಲಿ ಅಚ್ಚು ಹಾಕಿಸಿದರೆ ಸಭಾಭವನ ತುಂಬುವುದರಲ್ಲಿ ಸಂದೇಹವಿಲ್ಲ.

ಆದರೆ ಲೆಕ್ಕ ಬಲ್ಲ ವರ್ತಕನು ಲಾಭವನ್ನಷ್ಟೇ ಓದಿ ಪುಸ್ತಕ ಮುಚ್ಚುವುದಿಲ್ಲ. ಪಾಠ ಮುಗಿದ ದಿನ ಎರಡು ಗುಂಪುಗಳೂ ತಲುಪಿದ ಸ್ಥಳವನ್ನು ನೋಡಬೇಕು: 55.7 ಮತ್ತು 55.8. ಒಂದೇ ಎಂದು ಹೇಳಬಹುದಾದಷ್ಟು ಹತ್ತಿರ. ಧ್ಯಾನದ ಗುಂಪು ಆರಂಭದಲ್ಲಿಯೇ ಹೆಚ್ಚು ಬಾಧೆಯಲ್ಲಿದ್ದುದರಿಂದ ಅದಕ್ಕೆ ಇಳಿಯಲು ಹೆಚ್ಚು ಮೆಟ್ಟಿಲುಗಳಿದ್ದವು. ಬಾಧೆ ಅತಿಯಾಗಿದ್ದಾಗ ಅಳೆದದ್ದು ಮರಳಿ ಅಳೆಯುವಾಗ ತಾನಾಗಿಯೇ ಕೊಂಚ ಇಳಿದಿರುತ್ತದೆಂಬುದು ಜ್ವರ ನೋಡುವ ವೈದ್ಯನಿಗೂ ತಿಳಿದ ಸಂಗತಿ. ಎರಡು ತಿಂಗಳ ಅನಂತರ ಧ್ಯಾನದ ಗುಂಪು ಕೊಂಚ ಮುಂದಿತ್ತೆಂಬುದೂ ನಿಜ. ಅದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಆದರೆ ರೋಗನಿರ್ಣಯದ ಮಟ್ಟಿಗೆ, ಅಂದರೆ ಆ ವ್ಯಾಧಿ ಈಗ ಇಲ್ಲವೆಂದು ಹೇಳಬಹುದಾದವರ ಪ್ರಮಾಣ ಧ್ಯಾನದ ಗುಂಪಿನಲ್ಲಿ ನೂರಕ್ಕೆ 53.3, ಮಾತಿನ ಗುಂಪಿನಲ್ಲಿ 47.3. ಇಷ್ಟು ಚಿಕ್ಕ ಗುಂಪುಗಳಲ್ಲಿ ಈ ಅಂತರಕ್ಕೆ ಯಾವ ಅರ್ಥವೂ ಇಲ್ಲವೆಂದು ಸಂಶೋಧಕರೇ ಒಪ್ಪಿಕೊಂಡರು. ಇನ್ನೂ ಒಂದು ಸಂಗತಿಯಿದೆ. ಧ್ಯಾನದ ಗುಂಪಿನವರು ಶಿಕ್ಷಕರೊಡನೆ ಕಳೆದ ಗಂಟೆಗಳು ಮಾತಿನ ಗುಂಪಿನವರಿಗಿಂತ ಬಹಳ ಹೆಚ್ಚು. ಆ ಹೆಚ್ಚಿನ ಗಂಟೆಗಳ ಫಲವನ್ನು ಉಸಿರಿನ ಲೆಕ್ಕಕ್ಕೆ ಜಮಾ ಮಾಡುವುದು ನ್ಯಾಯವೆ?

ಈಗ ಎದ್ದುಹೋದವರ ವಿಷಯ. ಮಾತಿನ ಗುಂಪನ್ನು ನಡುವೆಯೇ ಬಿಟ್ಟವರು ನೂರಕ್ಕೆ 6.9. ಧ್ಯಾನದ ಗುಂಪನ್ನು ಬಿಟ್ಟವರು 22.4. ಐವತ್ತೆಂಟು ಜನರಲ್ಲಿ ಹದಿಮೂರು ಮಂದಿ, ಅಂದರೆ ನಾಲ್ಕೈದು ಜನರಿಗೊಬ್ಬರು. ಅವರೆಲ್ಲರೂ ನೊಂದೇ ಹೋದರೆಂದು ಹೇಳಲಾಗದು. ಕೆಲಸದ ಒತ್ತಡವಿರಬಹುದು, ದೂರದ ದಾರಿಯಿರಬಹುದು, ಮನೆಯ ಅಭ್ಯಾಸ ಹೊರೆಯೆನಿಸಿರಬಹುದು. ಆದರೆ ಆ ಆಸ್ಪತ್ರೆ ಅವರನ್ನು ಲೆಕ್ಕದಲ್ಲಿ ಇಟ್ಟಿತು. ಹೋದವರ ಸಂಖ್ಯೆಯನ್ನು ಲೋಕದೆದುರು ಅಚ್ಚು ಹಾಕಿತು. ಮಾಜಿ ಯೋಧರ ಆಸ್ಪತ್ರೆಗೆ ಸಾಧ್ಯವಾದ ಈ ಸತ್ಯವ್ರತವು ಅಣುವ್ರತಗಳನ್ನು ಪಠಿಸುವ ಸಮಾಜದ ಟ್ರಸ್ಟುಗಳಿಗೆ ಏಕೆ ಸಾಧ್ಯವಾಗಬಾರದು?

'ಕಣ್ಣು ಮುಚ್ಚಿ ಕುಳಿತರೆ ಯಾರಿಗೆ ಏನು ಹಾನಿ' ಎಂಬ ಮಾತು ಇಲ್ಲಿ ಬಂದೇ ಬರುತ್ತದೆ. ಬೇರೆ ಯಾರಾದರೂ ಇದನ್ನು ಕೇಳಿದರೆ ಕ್ಷಮಿಸಬಹುದು. ಜೈನಶಾಸ್ತ್ರದ ಪರಿಚಯವುಳ್ಳವರು ಕೇಳುವಂತಿಲ್ಲ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವನ್ನು ಸ್ವಾಧ್ಯಾಯ ಮಾಡಿದವರು ಬಲ್ಲಂತೆ, ಧ್ಯಾನವೆಂದರೆ ಒಳ್ಳೆಯದೇ ಎಂಬ ನಂಬಿಕೆ ಅಲ್ಲಿಲ್ಲ. ಆರ್ತ, ರೌದ್ರ, ಧರ್ಮ್ಯ, ಶುಕ್ಲ ಎಂದು ನಾಲ್ಕು ಬಗೆಗಳನ್ನು ಹೇಳಿ, ಮೊದಲೆರಡು ಸಂಸಾರಕ್ಕೆ ಕಾರಣವೆಂದು ಆಚಾರ್ಯರು ಬೇರ್ಪಡಿಸಿದ್ದಾರೆ. ಆರ್ತಧ್ಯಾನದ ಪ್ರಭೇದಗಳನ್ನು ಗಮನಿಸಬೇಕು. ಅನಿಷ್ಟವಾದುದು ಬಂದೆರಗಿದಾಗ ಅದು ತೊಲಗಲೆಂದು ಮತ್ತೆ ಮತ್ತೆ ಅದನ್ನೇ ನೆನೆಯುವುದು. ಇಷ್ಟವಾದುದು ಅಗಲಿದಾಗ ಅದು ಮರಳಲೆಂದು ಬಿಡದೆ ನೆನೆಯುವುದು. ವೇದನೆಯಲ್ಲಿಯೇ ಚಿತ್ತ ನೆಡುವುದು. ನಾಲ್ಕನೆಯದಾದ ನಿದಾನದ ಮಾತು ಇಲ್ಲಿಗೆ ಬೇಡ. ಮೊದಲ ಮೂರು ಇಂದಿನ ಮನೋವೈದ್ಯರು ಆಘಾತಕ್ಕೊಳಗಾದವರಲ್ಲಿ ಕಾಣುವ ಸ್ಥಿತಿಯ ಮೇಲೆ ಕೈಯಿಟ್ಟು ತೋರಿಸಿದಂತಿವೆ. ಸೂತ್ರಕಾರರು ಬಳಸಿದ ಸ್ಮೃತಿಸಮನ್ವಾಹಾರ ಎಂಬ ಪಾರಿಭಾಷಿಕ ಪದದಲ್ಲಿ ನೆನಪು ಸುಳಿದು ಸುಳಿದು ಬರುವ ಆ ಬಾಧೆಯೇ ಹೆಸರಾಗಿ ನಿಂತಿದೆ. ಚಿತ್ತ ಒಂದೆಡೆ ನಿಂತರೆ ಸಾಲದು, ಎಲ್ಲಿ ನಿಂತಿತೆಂಬುದು ಮುಖ್ಯ. ಹೊರಗಿನ ಗದ್ದಲವನ್ನೆಲ್ಲ ನಿಲ್ಲಿಸಿ, ಕಣ್ಣು ಮುಚ್ಚಿಸಿ, ಮೌನದಲ್ಲಿ ಕೂರಿಸಿದಾಗ ನೊಂದ ಚಿತ್ತ ಹೋಗಿ ನಿಲ್ಲುವುದು ಮಗನ ದೇಹ ಬಿದ್ದಿದ್ದ ರಸ್ತೆಯ ತಿರುವಿನಲ್ಲಿಯೇ ಆದರೆ, ಆ ಶಿಬಿರ ಕಲಿಸಿದ್ದು ಆರ್ತಧ್ಯಾನವನ್ನು.

ಅದೇ ಅಧ್ಯಾಯದಲ್ಲಿ ಧ್ಯಾನದ ಲಕ್ಷಣವನ್ನು ಹೇಳುವಾಗ ಆಚಾರ್ಯರು ಅದು ಯಾರಿಗೆ ಎಂಬುದನ್ನೂ ಎಷ್ಟು ಹೊತ್ತು ಎಂಬುದನ್ನೂ ಸೇರಿಸಿಯೇ ಹೇಳಿದರು. ಉತ್ತಮ ಸಂಹನನ, ಎಂದರೆ ದೃಢವಾದ ಶರೀರಬಂಧ ಉಳ್ಳವನಿಗೆ, ಅಂತರ್ಮುಹೂರ್ತದವರೆಗೆ. ಅಧಿಕಾರಿಯನ್ನು ನೋಡದೆ ಅಭ್ಯಾಸವನ್ನು ಕೊಡಬಾರದೆಂಬ ಎಚ್ಚರ ಲಕ್ಷಣದೊಳಗೇ ಅಡಕವಾಗಿದೆ. ದಶಲಕ್ಷಣ ಪರ್ವದಲ್ಲಿ ಯಾರಾದರೂ ಹತ್ತು ದಿನಗಳ ಉಪವಾಸ ಹಿಡಿಯುವೆನೆಂದರೆ ಮನೆಯ ಹಿರಿಯರು ಸಕ್ಕರೆ ಕಾಯಿಲೆಯಿದೆಯೇ, ಹಿಂದೆ ಎಷ್ಟು ದಿನ ಮಾಡಿದ್ದೆ ಎಂದು ಕೇಳದೆ ಒಪ್ಪುವುದಿಲ್ಲ. ಹೊಟ್ಟೆಯ ವಿಷಯದಲ್ಲಿರುವ ಈ ವಿವೇಕ ಮನಸ್ಸಿನ ವಿಷಯಕ್ಕೆ ಬಂದಾಗ ಎಲ್ಲಿ ಹೋಗುತ್ತದೆ?

ಹಾನಿಯ ಸ್ವರೂಪವನ್ನು ಇಂದಿನ ಸಂಶೋಧಕರೂ ದಾಖಲಿಸಿದ್ದಾರೆ. ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದ ಜಾರೆಡ್ ಲಿಂಡಾಲ್, ವಿಲೋಬಿ ಬ್ರಿಟನ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಧ್ಯಾನದಲ್ಲಿ ಕಷ್ಟ ಅನುಭವಿಸಿದ ಪಾಶ್ಚಾತ್ಯ ಬೌದ್ಧ ಸಾಧಕರನ್ನು ಸಂದರ್ಶಿಸಿದರು. ಭಯ, ನಿದ್ರಾನಾಶ, ದೇಹ ತನ್ನದಲ್ಲವೆಂಬ ಭಾವ, ಹಳೆಯ ಆಘಾತ ಮರಳಿ ನಡೆದಂತಾಗುವುದು ಮುಂತಾದ ಅನುಭವಗಳ ಉದ್ದನೆಯ ಪಟ್ಟಿ ಅದರಲ್ಲಿದೆ. ಕಷ್ಟಪಟ್ಟವರನ್ನೇ ಆರಿಸಿ ಕೇಳಿದ್ದರಿಂದ ಇಂಥವರು ನೂರರಲ್ಲಿ ಎಷ್ಟು ಮಂದಿ ಎಂಬುದು ಅದರಿಂದ ತಿಳಿಯದು. ಅದನ್ನು ಹಿಡಿದು ಧ್ಯಾನವೇ ಅಪಾಯವೆಂದು ಸಾರುವವರು ಮತ್ತೊಂದು ಬಗೆಯ ಏಕಾಂತವಾದಿಗಳು. ಪ್ರಮಾಣದ ಬಗ್ಗೆ 2020ರಲ್ಲಿ ಬಂದ ಸಮೀಕ್ಷೆಯೊಂದು ಎಂಬತ್ತಮೂರು ಅಧ್ಯಯನಗಳನ್ನು ಒಟ್ಟಿಗೆ ನೋಡಿ, ಕೆಟ್ಟ ಪರಿಣಾಮಗಳ ಪ್ರಮಾಣ ನೂರಕ್ಕೆ ಎಂಟರಷ್ಟಿದೆಯೆಂದು ಹೇಳಿತು. ಆ ಸರಾಸರಿಗಿಂತ ಅದರೊಳಗಿನ ಒಡಕು ಹೆಚ್ಚು ಬೋಧಪ್ರದ. ಧ್ಯಾನವನ್ನು ಚಿಕಿತ್ಸೆಯಾಗಿ ಕೊಟ್ಟು ಪರೀಕ್ಷಿಸಿದ ಪ್ರಯೋಗಗಳಲ್ಲಿ ಅದು 3.7, ಸಾಧಕರ ಅನುಭವಗಳನ್ನು ಅವಲೋಕಿಸಿದ ಅಧ್ಯಯನಗಳಲ್ಲಿ 33.2. ಇಷ್ಟು ದೊಡ್ಡ ಅಂತರಕ್ಕೆ ಕಾರಣಗಳು ಹಲವಿರಬಹುದು. ಆದರೆ ಕೇಳಿದವರಿಗೆ ಉತ್ತರ ಸಿಗುತ್ತದೆ, ಕೇಳದವರಿಗೆ ಸಿಗುವುದಿಲ್ಲ ಎಂಬುದು ಅವುಗಳಲ್ಲಿ ಒಂದೆಂದು ತಿಳಿಯಲು ವಿಶೇಷ ಪಾಂಡಿತ್ಯ ಬೇಡ.

ಇದರ ಕಾರಣವೂ ಗೂಢವಲ್ಲ. ನೀರಿನಲ್ಲಿ ಮುಳುಗಿ ಬದುಕಿದವನಿಗೆ ಉಸಿರು ಶಾಂತಿಯ ತಾಣವಲ್ಲ, ಅಂದು ಸಿಕ್ಕದೆ ಹೋದ ವಸ್ತು. ಅತ್ಯಾಚಾರಕ್ಕೊಳಗಾದವಳಿಗೆ ಅಂಗಾತ ಮಲಗಿ ಪಾದದಿಂದ ನೆತ್ತಿಯವರೆಗೆ ದೇಹವನ್ನು ಗಮನಿಸುವ ಅಭ್ಯಾಸ, ಅದನ್ನು ಹೇಳಿಕೊಡುವ ಗಂಡುಧ್ವನಿ, ಮುಚ್ಚಿದ ಬಾಗಿಲು, ಇವೆಲ್ಲ ಏನನ್ನು ನೆನಪಿಗೆ ತಂದಾವೆಂದು ವಿವರಿಸಬೇಕಾಗಿಲ್ಲ. ಇದನ್ನು ಬಲ್ಲ ಶಿಕ್ಷಕರು ಕಣ್ಣು ತೆರೆದೇ ಇರಲು ಬಿಡುತ್ತಾರೆ. ಬಾಗಿಲ ಬಳಿ ಕೂರಿಸುತ್ತಾರೆ. ಉಸಿರಿನ ಬದಲು ನೆಲಕ್ಕೆ ತಾಗಿದ ಅಂಗಾಲನ್ನೋ ಹೊರಗಿನ ಹಕ್ಕಿಯ ದನಿಯನ್ನೋ ಗಮನಿಸಲು ಹೇಳುತ್ತಾರೆ. ಐದು ನಿಮಿಷಕ್ಕೆ ನಿಲ್ಲಿಸುತ್ತಾರೆ. ಯಾವಾಗ ಬೇಕಾದರೂ ಎದ್ದು ಹೋಗಬಹುದೆಂದು ಮೊದಲೇ ಹೇಳಿರುತ್ತಾರೆ. ಬಲ್ಲದವರು ಎದ್ದವಳನ್ನು ತಡೆದು, ಇನ್ನಷ್ಟು ಶ್ರದ್ಧೆ ಬೇಕೆನ್ನುತ್ತಾರೆ. ಇಬ್ಬರ ಕರಪತ್ರಗಳೂ ಒಂದೇ ಬಗೆಯವು.

ವಿದೇಶದ ಅಂಕಿಗಳು ಇಲ್ಲಿಗೇಕೆ, ಪ್ರಾಚೀನವಾದ ಸ್ವಂತ ಸಂಪತ್ತಿರುವಾಗ ಪರರ ಮೈಂಡ್‌ಫುಲ್‌ನೆಸ್ ಏಕೆ ಎಂದು ಕೇಳುವವರೂ ಇದ್ದಾರೆ. ಆಚಾರ್ಯ ಮಹಾಪ್ರಜ್ಞರು 1975ರಲ್ಲಿ ರೂಪಿಸಿದ ಪ್ರೇಕ್ಷಾಧ್ಯಾನವನ್ನೋ ಕಾಯೋತ್ಸರ್ಗವನ್ನೋ ಕಲಿಸಿದರೆ ಸಾಕೆಂಬುದು ಅವರ ವಾದ. ಹೆಸರು ಬದಲಾದ ಮಾತ್ರಕ್ಕೆ ಪರೀಕ್ಷೆ ತಪ್ಪುವುದಿಲ್ಲ. ಆತ್ಮಸಾಧನೆಗೆಂದು ಉಪದೇಶಿಸಿದ ಅಭ್ಯಾಸವನ್ನು ಸಾಧಕನಿಗೆ ಗುರುವು ಕೊಡುವುದಕ್ಕೆ ಅಂಕಿಅಂಶ ಬೇಡ. ಅದನ್ನೇ ಚಿಕಿತ್ಸೆಯೆಂದು ಹೆಸರಿಸಿ ಗಾಯಗೊಂಡವರಿಗೆ ಹಂಚತೊಡಗಿದರೆ ಚಿಕಿತ್ಸೆಗೆ ಸಲ್ಲುವ ಪರೀಕ್ಷೆಗೆ ಅದು ಒಳಪಡಬೇಕು. ಸ್ವಂತದ್ದೆಂಬ ಮಮಕಾರಕ್ಕೆ ಪರಿಗ್ರಹವೆಂಬ ಇನ್ನೊಂದು ಹೆಸರುಂಟು.

ಇದಕ್ಕಿಂತ ನೋವಿನ ಮಾತೊಂದಿದೆ. ನೊಂದವರಿಗೆ ಕರ್ಮಸಿದ್ಧಾಂತವನ್ನು ಮದ್ದಾಗಿ ಕುಡಿಸುವ ಚಾಳಿ ಅನೇಕ ಶಿಬಿರಗಳಲ್ಲಿದೆ. ಪೂರ್ವಾರ್ಜಿತ ಅಸಾತಾವೇದನೀಯದ ಉದಯವಿದು, ಸಮತೆಯಿಂದ ಸಹಿಸಿದರೆ ನಿರ್ಜರೆ, ವಡ್ಡಾರಾಧನೆಯ ಮಹಾಪುರುಷರನ್ನು ನೋಡಿರಿ ಎಂದು ಹೇಳಲಾಗುತ್ತದೆ. ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳನ್ನು ಓದಿದವರು ಇದಕ್ಕೆ ತಲೆದೂಗಲಾರರು. ಸುಕುಮಾರಸ್ವಾಮಿಯು ನರಿಯು ದೇಹವನ್ನು ತಿನ್ನುತ್ತಿರುವಾಗಲೂ ಅಲುಗಲಿಲ್ಲವೆಂಬುದು ನಿಜ. ಆದರೆ ಆತ ಅರಿತು ಪರಿಗ್ರಹವನ್ನು ತೊರೆದವನು. ಆ ನಿಶ್ಚಲತೆಯನ್ನು ತಾನಾಗಿ ವರಿಸಿದವನು. ಕುಡಿದು ಬಂದ ಗಂಡನ ಬೆಲ್ಟಿನ ಏಟನ್ನು ಯಾವ ಹೆಣ್ಣೂ ವರಿಸಿರುವುದಿಲ್ಲ. ಉಪಸರ್ಗವನ್ನು ಗೆದ್ದ ಮುನಿಯ ಕಥೆಯನ್ನು ಅವಳೆದುರು ಹೇಳಿ ಕಣ್ಣು ಮುಚ್ಚಿಸುವುದು ಆ ಮುನಿಗೂ ಅಪಚಾರ, ಅವಳಿಗೂ ಅಪಚಾರ. ಕರ್ಮಸಿದ್ಧಾಂತವು ಪ್ರತಿಯೊಬ್ಬನೂ ತನ್ನ ನಡೆಯನ್ನು ತಿದ್ದಿಕೊಳ್ಳಲೆಂದು ಇರುವುದು. ಅನ್ಯರಲ್ಲಿ ದುಃಖವನ್ನೂ ಶೋಕವನ್ನೂ ಉಂಟುಮಾಡುವುದೇ ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥದ ಆರನೆಯ ಅಧ್ಯಾಯ ಹೇಳುವಾಗ, ಸಿದ್ಧಾಂತವನ್ನು ಇನ್ನೊಬ್ಬರ ಗಾಯದ ಮೇಲೆ ಪ್ರಯೋಗಿಸುವವರು ತಮ್ಮ ಖಾತೆಯನ್ನೊಮ್ಮೆ ನೋಡಿಕೊಳ್ಳುವುದು ಲೇಸು.

ಶ್ರವಣಬೆಳಗೊಳದ ಬೆಟ್ಟವನ್ನು ಹತ್ತಿಬಂದ ಪ್ರತಿಯೊಂದು ಕುಟುಂಬಕ್ಕೂ ಬಾಹುಬಲಿಯ ಕಥೆ ಗೊತ್ತು. ಒಂದು ವರ್ಷ ಕಾಯೋತ್ಸರ್ಗದಲ್ಲಿ ನಿಂತರೂ, ಬಳ್ಳಿಗಳು ತೋಳುಗಳನ್ನು ಸುತ್ತಿದರೂ ಆತನಿಗೆ ಕೇವಲಜ್ಞಾನ ಉಂಟಾಗಲಿಲ್ಲ. ಭರತನಿಗೆ ತನ್ನಿಂದ ಸಂಕ್ಲೇಶವಾಯಿತೆಂಬ ಒಂದು ನೋವು ಒಳಗೆ ಉಳಿದಿತ್ತೆಂದು ಜಿನಸೇನಾಚಾರ್ಯರ ಆದಿಪುರಾಣ ಹೇಳುತ್ತದೆ. ಭರತನೇ ನಡೆದು ಬಂದು ಪೂಜಿಸಿದಾಗ ಅದು ಕರಗಿತು. ಅಂಥ ದೀರ್ಘ ಧ್ಯಾನದ ಕಥೆಯಲ್ಲಿಯೂ ಕೊನೆಯ ಗಂಟು ಬಿಚ್ಚಲು ಇನ್ನೊಬ್ಬ ಮನುಷ್ಯನು ಬರಬೇಕಾಯಿತು. ಮಿನಿಯಾಪೊಲಿಸಿನ ಮಾತಿನ ಗುಂಪಿನವರು ಧ್ಯಾನದ ಗುಂಪಿನ ಹತ್ತಿರಕ್ಕೆ ಬಂದು ನಿಂತದ್ದರಲ್ಲಿ ಆಶ್ಚರ್ಯಪಡುವಂಥದು ಏನೂ ಇಲ್ಲ. ವಾರಕ್ಕೊಮ್ಮೆ ಯಾರಾದರೂ ಕಾದು ಕುಳಿತು ಕೇಳುತ್ತಾರೆ, ಬರದಿದ್ದರೆ ಏಕೆ ಬರಲಿಲ್ಲವೆಂದು ವಿಚಾರಿಸುತ್ತಾರೆ ಎಂಬುದೇ ಅರ್ಧ ಚಿಕಿತ್ಸೆ. ಎಂಟು ವಾರಗಳ ಶಿಬಿರದಿಂದ ಜನ ಪಡೆಯುವ ಒಳಿತಿನಲ್ಲಿ ಅದರ ಪಾಲೆಷ್ಟು, ಉಸಿರಿನ ಪಾಲೆಷ್ಟು ಎಂದು ವಿಂಗಡಿಸದೆ ಶಿಬಿರಾಚಾರ್ಯರ ಪದ್ಧತಿಗೆ ಪೂರ್ಣಾಂಕ ಕೊಡುವುದು ಅವಸರದ ತೀರ್ಪು. ಸಂಗಡಿಗರಿಲ್ಲದೆ, ಶಿಬಿರವಿಲ್ಲದೆ, ಕಾಲಕ್ರಮದಲ್ಲಿ ತಾವಾಗಿ ಚೇತರಿಸಿಕೊಳ್ಳುವವರೂ ಬಹಳ ಮಂದಿ ಇದ್ದಾರೆಂಬುದನ್ನು ಆ ತೀರ್ಪು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಹಾಗೆಂದು ಈ ಶಿಕ್ಷಣಕ್ರಮವನ್ನು ಬಾಗಿಲಾಚೆ ನಿಲ್ಲಿಸಬೇಕಾಗಿಲ್ಲ. ಅಮೆರಿಕದ ಮಾಜಿ ಯೋಧರ ಇಲಾಖೆಯೂ ರಕ್ಷಣಾ ಇಲಾಖೆಯೂ ಸೇರಿ 2023ರಲ್ಲಿ ಹೊರಡಿಸಿದ ಚಿಕಿತ್ಸಾ ಮಾರ್ಗಸೂಚಿ ಮೈಂಡ್‌ಫುಲ್‌ನೆಸ್ ಕ್ರಮವನ್ನು ಸಲಹೆಯ ರೂಪದಲ್ಲಿ, ದುರ್ಬಲ ಶಿಫಾರಸಾಗಿ ಸೇರಿಸಿಕೊಂಡಿದೆ. ಬಲವಾದ ಶಿಫಾರಸು ಇರುವುದು ತರಬೇತಾದ ಚಿಕಿತ್ಸಕರೊಬ್ಬರು ರೋಗಿಯೊಡನೆ ಏಕಾಂತದಲ್ಲಿ ಕುಳಿತು, ಆಘಾತವನ್ನೇ ಕುರಿತು ಕ್ರಮವಾಗಿ ನಡೆಸುವ ಮಾನಸಿಕ ಚಿಕಿತ್ಸೆಗಳಿಗೆ. ಸ್ಯಾತ್ ಎಂದು ಹೇಳಿ ಮುಂದಿನ ಮಾತು ಹೇಳುವ ಅಭ್ಯಾಸವುಳ್ಳ ಪರಂಪರೆಗೆ ಈ ತಾರತಮ್ಯ ಅರ್ಥವಾಗದ್ದೇನಲ್ಲ. ಕೆಲವರಿಗೆ, ಕೆಲವು ಕಾಲಕ್ಕೆ, ಬಲ್ಲ ಶಿಕ್ಷಕರ ಕೈಯಲ್ಲಿ, ಬೇರೆ ಚಿಕಿತ್ಸೆಯ ಜೊತೆಗೆ ಪ್ರಯೋಜನವಾಗಬಹುದು. ಕರಪತ್ರ ಇಷ್ಟನ್ನು ಹೇಳಿದರೆ ಯಾರ ಆಕ್ಷೇಪವೂ ಇರಲಾರದು.

ಆಕ್ಷೇಪವಿರುವುದು ಪ್ರಮಾದಕ್ಕೆ. ಪ್ರಮತ್ತಯೋಗದಿಂದ ಪ್ರಾಣಗಳಿಗೆ ಆಗುವ ಘಾತವೇ ಹಿಂಸೆಯೆಂದು ತತ್ತ್ವಾರ್ಥದ ಏಳನೆಯ ಅಧ್ಯಾಯ ನಿರ್ಣಯಿಸಿದೆ. ಕೊಲ್ಲುವ ಇಚ್ಛೆಯಿರಲಿಲ್ಲವೆಂಬ ಸಮಾಧಾನಕ್ಕೆ ಅಲ್ಲಿ ಅವಕಾಶವಿಲ್ಲ. ನೋಡದೆ ಹೆಜ್ಜೆಯಿಟ್ಟದ್ದೇ ದೋಷ. ನೆಲವನ್ನು ನೋಡಿ ನಡೆಯುವುದನ್ನು ಈರ್ಯಾಸಮಿತಿಯೆಂದು ಕಲಿತ ಸಮಾಜದ ಅಂಗಳದಲ್ಲಿ, ಎಚ್ಚರವನ್ನೇ ಕಲಿಸುತ್ತೇವೆನ್ನುವ ಕಾರ್ಯಕ್ರಮವು ತನ್ನ ಹಾಜರಿ ಪುಸ್ತಕವನ್ನೇ ತೆರೆದು ನೋಡದಿರುವುದು ವಿಪರ್ಯಾಸದ ಪರಮಾವಧಿ. ಮೂವತ್ತು ಮಂದಿ ಸೇರಿದ್ದರು, ಇಪ್ಪತ್ತೆರಡು ಮಂದಿಗೆ ಪ್ರಮಾಣಪತ್ರ ಕೊಡಲಾಯಿತು ಎಂದಾದರೆ ಉಳಿದ ಎಂಟು ಮಂದಿ ಕಾಲಡಿಯ ಜೀವಗಳಲ್ಲವೆ?

ಟ್ರಸ್ಟುಗಳು ಮಾಡಬೇಕಾದದ್ದು ದೊಡ್ಡದೇನೂ ಇಲ್ಲ. ಸಭಾಭವನ ಕೇಳಲು ಬಂದವರನ್ನು ಮೊದಲು ಕೇಳಬೇಕಾದದ್ದು, ಆಘಾತಕ್ಕೊಳಗಾದವರ ಸಂಗಡ ಕೆಲಸ ಮಾಡಿದ ಶಿಕ್ಷಣ ಶಿಕ್ಷಕರಿಗಿದೆಯೇ, ಶಿಬಿರದ ನಡುವೆ ಯಾರಾದರೂ ಕುಸಿದರೆ ಕರೆದೊಯ್ಯಲು ಯಾವ ಮನೋವೈದ್ಯರೊಡನೆ ಮಾತಾಗಿದೆ ಎಂಬುದನ್ನು. ಕರ್ನಾಟಕದಲ್ಲಿ ಇದಕ್ಕೆ ನೆಪ ಹೇಳಲಾಗದು. 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವೇ 1996ರಲ್ಲಿ ದೇಶದಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಯನ್ನು ಕರಪತ್ರದ ಕೆಳಗೆ ಅಚ್ಚು ಹಾಕಿಸಲು ಖರ್ಚೇ ಇಲ್ಲ. ಸೇರುವ ಮೊದಲು ಪ್ರತಿಯೊಬ್ಬರೊಡನೆ ಪ್ರತ್ಯೇಕವಾಗಿ ಮಾತನಾಡಿ, ಇದು ಈಗ ಬೇಡವೆನಿಸಿದವರನ್ನು ಅವಮಾನವಾಗದಂತೆ ಬೇರೆ ನೆರವಿನ ಕಡೆಗೆ ಕಳುಹಿಸಬೇಕು. ಫಲವನ್ನು ಅಳೆಯುವವರು ಶಿಬಿರಾಚಾರ್ಯರ ಶಿಷ್ಯರಾಗಿರಬಾರದು. ಊರಿನ ಕಾಲೇಜಿನ ಮನಶ್ಶಾಸ್ತ್ರದ ಅಧ್ಯಾಪಕರನ್ನೋ ಸರ್ಕಾರಿ ಆಸ್ಪತ್ರೆಯ ಆಪ್ತಸಮಾಲೋಚಕರನ್ನೋ ಕೇಳಿಕೊಂಡರೆ ಇಲ್ಲವೆನ್ನಲಾರರು. ಕೊನೆಯ ದಿನದ ಕಣ್ಣೀರಿಗಿಂತ ಆರನೆಯ ತಿಂಗಳ ಉತ್ತರ ಹೆಚ್ಚು ನಂಬಲರ್ಹ. ನಿದ್ರೆ ಬರುತ್ತಿದೆಯೇ, ಮತ್ತೆ ಕೆಲಸಕ್ಕೆ ಹೋಗುತ್ತಿರುವಿರೇ, ಶಿಬಿರದ ಅನಂತರ ಏನಾದರೂ ಹೆಚ್ಚಾಯಿತೇ ಎಂದು ಕೇಳಬೇಕು. ಈ ಮೂರನೆಯ ಪ್ರಶ್ನೆಯನ್ನು ಕೇಳುವವರ ಮುಖದಲ್ಲಿ ಕೆಟ್ಟ ಉತ್ತರವನ್ನೂ ಕೇಳಿಸಿಕೊಳ್ಳುವ ತಾಳ್ಮೆ ಕಾಣಬೇಕು.

ನಡುವೆ ನಿಂತವರ ಮನೆಗೆ, ಅವರು ಒಪ್ಪಿದರೆ, ಟ್ರಸ್ಟಿನ ಕಡೆಯಿಂದ ಒಬ್ಬ ಹಿರಿಯ ಶ್ರಾವಿಕೆ ಹೋಗಿಬರಬೇಕು. ಶಿಬಿರಕ್ಕೆ ಮರಳಿರೆಂದು ಒತ್ತಾಯಿಸಲು ಅಲ್ಲ, ಹೇಗಿದ್ದೀರಿ ಎಂದು ಕೇಳಲು. ಅವರು ಹೇಳಿದ್ದನ್ನು ಹೆಸರಿಲ್ಲದೆ ಬರೆದಿಟ್ಟು, ವಾರ್ಷಿಕ ವರದಿಯಲ್ಲಿ ಪ್ರಯೋಜನ ಪಡೆದವರ ಸಂಖ್ಯೆಯ ಪಕ್ಕದಲ್ಲಿಯೇ ಅಚ್ಚು ಹಾಕಿಸಬೇಕು. ಒಂದು ದಾಖಲೆ ಪುಸ್ತಕ, ಕೆಲವು ಬಸ್ಸಿನ ಟಿಕೆಟುಗಳು, ಹತ್ತಿಪ್ಪತ್ತು ದೂರವಾಣಿ ಕರೆಗಳು, ಇಷ್ಟೇ ಇದರ ವೆಚ್ಚ. ಸಮಾರೋಪದ ಶಾಲು, ಹಾರ, ಸ್ಮರಣಿಕೆಗಳಿಗೆ ಈಗಾಗಲೇ ತೆಗೆದಿಟ್ಟ ಹಣದಲ್ಲಿ ಅದು ಮುಗಿದು ಇನ್ನೂ ಉಳಿಯುತ್ತದೆ.